ಬರ್ತಾ ಬೆಂಜ್

ಬರ್ತಾ ಬೆಂಜ್ (ಜನ್ಮನಾಮ: ಸೆಸಿಲಿ ಬರ್ತಾ ರಿಂಗರ್, ಮೇ 3, 1849 – ಮೇ 5, 1944) ಜರ್ಮನಿಯ ಮೋಟಾರು ವಾಹನ ಕ್ಷೇತ್ರದ ಪ್ರವರ್ತಕರಲ್ಲಿ ಒಬ್ಬರು. ಇವರು ಕಾರಿನ ಜನಕರೆಂದು ಹೆಸರಾದ ಎಂಜಿನಿಯರ್ ಕಾರ್ಲ್ ಬೆಂಜ್ ಅವರ ಪತ್ನಿ. ಮದುವೆಗೆ ಮುಂಚೆಯೇ ತಮ್ಮ ಪಾಲಿನ ಹಣವನ್ನು ಕಾರ್ಲ್ ಅವರ ಕಾರ್ಯಾಗಾರಕ್ಕೆ ತೊಡಗಿಸಿ, ಅದು ಕೈತಪ್ಪದಂತೆ ಉಳಿಸಿಕೊಟ್ಟರು. 1888ರ ಆಗಸ್ಟ್ ತಿಂಗಳಲ್ಲಿ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಮಾನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮ್ ನಗರದವರೆಗೆ ಸುಮಾರು 105 ಕಿ.ಮೀ. ದೂರವನ್ನು ಮೋಟಾರು ಗಾಡಿಯಲ್ಲಿ ಕ್ರಮಿಸಿದರು. ಆಂತರಿಕ ದಹನ ಎಂಜಿನ್ ಇರುವ ವಾಹನದಲ್ಲಿ ನಡೆದ ಮೊದಲ ದೂರಪ್ರಯಾಣವೆಂದು ಇದನ್ನು ಪರಿಗಣಿಸಲಾಗುತ್ತದೆ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು, ತಂತಿಯ ಹೊದಿಕೆ ಹರಿಯಿತು, ಬ್ರೇಕಿನ ಮರ ಸವೆಯಿತು. ಇವುಗಳಿಗೆ ಅವರು ಅಲ್ಲಲ್ಲೇ ಕಂಡುಕೊಂಡ ಪರಿಹಾರಗಳೂ ಆ ಪ್ರಯಾಣದ ಅನುಭವದಿಂದ ವಾಹನದಲ್ಲಿ ಆದ ಬದಲಾವಣೆಗಳೂ ವಾಹನ ಸುರಕ್ಷತೆ ಮತ್ತು ನಿರ್ವಹಣೆಯ ಇತಿಹಾಸದಲ್ಲಿ ಮುಖ್ಯವಾದವು.

ಜನನ ಮತ್ತು ಶಿಕ್ಷಣ

ಬರ್ತಾ ಅವರು ಅಂದಿನ ಬಾಡೆನ್ ಮಹಾಸಂಸ್ಥಾನಕ್ಕೆ ಸೇರಿದ್ದ ಫೋರ್ಟ್ಸ್‌ಹೈಮ್ ನಗರದಲ್ಲಿ ಜನಿಸಿದರು. ಆ ನಗರವು ಚಿನ್ನಾಭರಣ ಮತ್ತು ಗಡಿಯಾರಗಳ ತಯಾರಿಕೆಗೆ ಪ್ರಸಿದ್ಧವಾಗಿತ್ತು. ತಂದೆ ಕಾರ್ಲ್ ಫ್ರೀಡ್ರಿಕ್ ರಿಂಗರ್ ಬಡಗಿ ವೃತ್ತಿಯಲ್ಲಿ ನುರಿತವರು. ಕಟ್ಟಡ ನಿರ್ಮಾಣದಿಂದ ಅನುಕೂಲಸ್ಥರಾಗಿದ್ದರು. ತಾಯಿ ಆಗುಸ್ಟೆ. ಮನೆಯ ಬೈಬಲ್ ಪುಸ್ತಕದಲ್ಲಿ ಮಕ್ಕಳ ಜನನವನ್ನು ಬರೆದಿಡುವುದು ಆ ಕುಟುಂಬದ ರೂಢಿಯಾಗಿತ್ತು. ಬರ್ತಾ ಹುಟ್ಟಿದಾಗ, ಮತ್ತೆ ಹೆಣ್ಣುಮಗುವೇ ಆಯಿತೆಂಬ ಬೇಸರದ ಮಾತನ್ನು ಅದರಲ್ಲಿ ಬರೆಯಲಾಗಿತ್ತೆಂದೂ ಬಾಲಕಿಯಾಗಿದ್ದ ಬರ್ತಾ ಮುಂದೊಂದು ದಿನ ಅದನ್ನು ಓದಿ ನೊಂದುಕೊಂಡರೆಂದೂ ಅವರ ಜೀವನಚರಿತ್ರೆಗಳಲ್ಲಿ ಹೇಳಲಾಗಿದೆ.

ಫೋರ್ಟ್ಸ್‌ಹೈಮ್ ನಗರದ ಬಾಲಕಿಯರ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದರಲ್ಲಿ ಅವರಿಗೆ ಚಿಕ್ಕಂದಿನಿಂದಲೂ ಕುತೂಹಲವಿತ್ತು. ಆದರೆ ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ಮುಚ್ಚಿತ್ತು. ಬಾಡೆನ್ ಪ್ರಾಂತ್ಯದ ವಿಶ್ವವಿದ್ಯಾಲಯಗಳು ಮಹಿಳೆಯರನ್ನು ಪೂರ್ಣಪ್ರಮಾಣದ ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳತೊಡಗಿದ್ದು 1900ರಲ್ಲಿ. ಆ ವೇಳೆಗೆ ಬರ್ತಾ ಐವತ್ತು ವರ್ಷ ದಾಟಿದ್ದರು.

ವಿವಾಹ ಮತ್ತು ಬಂಡವಾಳ ಹೂಡಿಕೆ

1869ರ ಜೂನ್ ತಿಂಗಳಿನಲ್ಲಿ ಸ್ಥಳೀಯ ಸಂಘವೊಂದು ಮೌಲ್‌ಬ್ರೋನ್ ಮಠಕ್ಕೆ ಏರ್ಪಡಿಸಿದ್ದ ವಿಹಾರದ ಸಂದರ್ಭದಲ್ಲಿ ಬರ್ತಾ ಅವರಿಗೆ ಕಾರ್ಲ್ ಬೆಂಜ್ ಪರಿಚಯವಾದರು. ಕಾರ್ಲ್ ಅವರು ರೈಲು ಎಂಜಿನ್ ಚಾಲಕರೊಬ್ಬರ ಮಗ. ಅವರು ಕಾರ್ಲ್ಸ್‌ರೂಹೆ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಶಾಸ್ತ್ರವನ್ನು ಓದಿದ್ದರು. ಕುದುರೆಯ ನೆರವಿಲ್ಲದೆ ತಾನಾಗಿಯೇ ಚಲಿಸುವ ಗಾಡಿಯನ್ನು ನಿರ್ಮಿಸಬೇಕೆಂಬ ಯೋಚನೆ ಅವರಲ್ಲಿತ್ತು, ಕೈಯಲ್ಲಿ ಹಣವಿರಲಿಲ್ಲ.

1871ರಲ್ಲಿ ಕಾರ್ಲ್ ಅವರು ಆಗಸ್ಟ್ ರಿಟ್ಟರ್ ಎಂಬವರೊಂದಿಗೆ ಪಾಲುದಾರಿಕೆಯಲ್ಲಿ ಮಾನ್‌ಹೈಮ್ ನಗರದಲ್ಲಿ ಎರಕದ ಮತ್ತು ಯಂತ್ರದ ಕಾರ್ಯಾಗಾರವನ್ನು ಸ್ಥಾಪಿಸಿದರು. ಪಾಲುದಾರರೊಂದಿಗೆ ಹೊಂದಾಣಿಕೆಯಾಗದೆ ಕಾರ್ಯಾಗಾರ ಮುಚ್ಚುವ ಸ್ಥಿತಿಗೆ ಬಂದಿತು. ಆಗ ಬರ್ತಾ, ಮದುವೆಯ ಸಮಯದಲ್ಲಿ ತಮಗೆ ಕೊಡಬೇಕೆಂದು ತಂದೆ ತೆಗೆದಿಟ್ಟಿದ್ದ ಹಣವನ್ನು ಮುಂಚಿತವಾಗಿಯೇ ಪಡೆದು ಕಾರ್ಲ್ ಅವರಿಗೆ ನೀಡಿದರು. ಆ ಹಣದಿಂದ ರಿಟ್ಟರ್ ಅವರ ಪಾಲನ್ನು ಕೊಂಡುಕೊಳ್ಳಲಾಯಿತು. ಜುಲೈ 20, 1872ರಂದು ಬರ್ತಾ ಮತ್ತು ಕಾರ್ಲ್ ಅವರ ವಿವಾಹ ನಡೆಯಿತು.

ಈ ಎರಡು ಘಟನೆಗಳ ಅನುಕ್ರಮಕ್ಕೆ ಕಾನೂನಿನ ದೃಷ್ಟಿಯಿಂದ ಮಹತ್ವವಿದೆ. ಅವಿವಾಹಿತೆಯಾಗಿದ್ದಾಗ ಬರ್ತಾ ತಮ್ಮ ಹಣವನ್ನು ತಮ್ಮ ಇಚ್ಛೆಯಂತೆ ತೊಡಗಿಸಬಹುದಿತ್ತು. ಮದುವೆಯಾದ ಬಳಿಕ ಅಂದಿನ ಕಾನೂನಿನ ಪ್ರಕಾರ ಪತ್ನಿಯ ಆಸ್ತಿಯ ಆಡಳಿತವು ಪತಿಗೆ ಸೇರುತ್ತಿತ್ತು. ತಮ್ಮ ಹಣವೇ ಆಧಾರವಾಗಿದ್ದ ಉದ್ಯಮದಲ್ಲಿ ಅವರಿಗೆ ಸ್ವತಂತ್ರ ಹೂಡಿಕೆದಾರರ ಸ್ಥಾನ ಉಳಿಯಲಿಲ್ಲ. ಮುಂದೆ ದೊರೆತ ಪೇಟೆಂಟ್ ಕೂಡ ಸಂಸ್ಥೆಯ ಹೆಸರಿನಲ್ಲಿತ್ತು. ಬರ್ತಾ ಅವರ ಹೆಸರು ದಾಖಲೆಗಳಲ್ಲಿ ಕಾಣಿಸಿಕೊಳ್ಳಲಿಲ್ಲ.

ದಂಪತಿಗೆ ಐವರು ಮಕ್ಕಳು: ಆಯ್ಗೆನ್ (1873), ರಿಚರ್ಡ್ (1874), ಕ್ಲಾರಾ (1877), ಟಿಲ್ಡೆ (1882) ಮತ್ತು ಎಲೆನ್ (1890).

ಸಂಕಷ್ಟದ ವರ್ಷಗಳು

1873ರಲ್ಲಿ ಯುರೋಪನ್ನು ಆವರಿಸಿದ ಆರ್ಥಿಕ ಕುಸಿತದ ನಂತರ ಕಾರ್ಯಾಗಾರಕ್ಕೆ ಬರುತ್ತಿದ್ದ ಕೆಲಸ ಕಡಿಮೆಯಾಯಿತು, ಸಾಲ ಬೆಳೆಯಿತು. ಉದ್ಯಮವನ್ನು ಉಳಿಸಿಕೊಳ್ಳುವ ದಾರಿಯೆಂದು ಕಾರ್ಲ್ ಅವರು ಅನಿಲ ಎಂಜಿನ್ ತಯಾರಿಕೆಯತ್ತ ತಿರುಗಿದರು. ನಾಲ್ಕು ಹೊಡೆತದ ಎಂಜಿನ್‌ನ ಪೇಟೆಂಟ್ ನಿಕೋಲಸ್ ಓಟ್ಟೋ ಅವರ ಬಳಿಯಿದ್ದುದರಿಂದ ಅವರು ಎರಡು ಹೊಡೆತದ ಎಂಜಿನ್ ರೂಪಿಸಲು ಮುಂದಾದರು. 1879ರ ಡಿಸೆಂಬರ್ 31ರ ರಾತ್ರಿ ಆ ಎಂಜಿನ್ ಮೊದಲ ಬಾರಿಗೆ ತೃಪ್ತಿಕರವಾಗಿ ಓಡಿತು. ಆ ರಾತ್ರಿ ಕಾರ್ಯಾಗಾರದಲ್ಲಿ ಕಾರ್ಲ್ ಅವರ ಜೊತೆಗಿದ್ದವರು ಬರ್ತಾ.

1883ರಲ್ಲಿ ಮ್ಯಾಕ್ಸ್ ರೋಸ್ ಮತ್ತು ಫ್ರೀಡ್ರಿಕ್ ವಿಲ್‌ಹೆಲ್ಮ್ ಎಸ್ಲಿಂಗರ್ ಎಂಬ ಇಬ್ಬರು ವ್ಯಾಪಾರಿಗಳ ಸಹಭಾಗಿತ್ವದಲ್ಲಿ ಬೆಂಜ್ ಮತ್ತು ಕಂಪನಿ ಸ್ಥಾಪನೆಯಾಯಿತು. ಒಂದೆಡೆ ನಿಲ್ಲಿಸಿ ಬಳಸುವ ಎಂಜಿನ್‌ಗಳ ಮಾರಾಟದಿಂದ ಬಂದ ಆದಾಯವು ಕುಟುಂಬಕ್ಕೆ ನೆಮ್ಮದಿ ತಂದಿತು. ಮೋಟಾರು ಗಾಡಿಯ ಪ್ರಯೋಗಗಳಿಗೂ ಈಗ ಅವಕಾಶ ದೊರೆಯಿತು.

ಪೇಟೆಂಟ್ ಮೋಟಾರು ಗಾಡಿ

ಜನವರಿ 29, 1886ರಂದು ಅನಿಲ ಎಂಜಿನ್‌ನಿಂದ ಚಲಿಸುವ ವಾಹನಕ್ಕಾಗಿ ಜರ್ಮನ್ ಪೇಟೆಂಟ್ ಸಂಖ್ಯೆ 37435ಕ್ಕೆ ಅರ್ಜಿ ಸಲ್ಲಿಸಲಾಯಿತು. ಈ ದಿನವನ್ನು ಕಾರಿನ ಜನ್ಮದಿನವೆಂದು ಗುರುತಿಸುವ ವಾಡಿಕೆಯಿದೆ. ಅದೇ ವರ್ಷ ಜುಲೈ 3ರಂದು ಮಾನ್‌ಹೈಮ್ ನಗರದ ಬೀದಿಯಲ್ಲಿ ವಾಹನವನ್ನು ಸಾರ್ವಜನಿಕವಾಗಿ ಓಡಿಸಲಾಯಿತು.

ಮೂರು ಚಕ್ರಗಳ ಈ ಗಾಡಿಗೆ 954 ಘನ ಸೆಂ.ಮೀ. ಗಾತ್ರದ, ಒಂದೇ ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ ಇತ್ತು. ನಿಮಿಷಕ್ಕೆ 400 ಸುತ್ತುಗಳಲ್ಲಿ ಅದು ಸುಮಾರು 0.75 ಅಶ್ವಶಕ್ತಿಯನ್ನು ನೀಡುತ್ತಿತ್ತು. ಗರಿಷ್ಠ ವೇಗ ಗಂಟೆಗೆ ಸುಮಾರು 16 ಕಿ.ಮೀ. ಎಂಜಿನ್ ಚಾಲೂ ಮಾಡಲು ಹಿಂಬದಿಯ ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸಬೇಕಿತ್ತು. ಎಂಜಿನ್‌ನ ಶಕ್ತಿಯು ಬೆಲ್ಟ್ ಮೂಲಕ ಅಡ್ಡದಂಡಕ್ಕೂ ಅಲ್ಲಿಂದ ಸರಪಳಿಗಳ ಮೂಲಕ ಹಿಂದಿನ ಎರಡು ಚಕ್ರಗಳಿಗೂ ತಲುಪುತ್ತಿತ್ತು. ಕಿಡಿ ಹೊತ್ತಿಸಲು ವಿದ್ಯುತ್ ಸುರುಳಿ ಮತ್ತು ಬ್ಯಾಟರಿಯನ್ನು ಬಳಸಲಾಗುತ್ತಿತ್ತು. ಎಂಜಿನ್ ಬಿಸಿಯನ್ನು ನೀರು ಹೀರಿಕೊಂಡು ಆವಿಯಾಗಿ ಹೋಗುತ್ತಿತ್ತು. ಹೀಗಾಗಿ ಪದೇ ಪದೇ ನೀರು ತುಂಬಬೇಕಿತ್ತು.

ತಾಂತ್ರಿಕವಾಗಿ ವಾಹನ ಸಿದ್ಧವಾಗಿದ್ದರೂ ಕೊಳ್ಳುವವರು ಮುಂದೆ ಬರಲಿಲ್ಲ. ಗದ್ದಲ ಮಾಡುವ, ಕುದುರೆಗಳನ್ನು ಬೆದರಿಸುವ, ಎಲ್ಲಿ ನಿಂತುಬಿಡುವುದೋ ತಿಳಿಯದ ಯಂತ್ರವೆಂದು ಜನರು ಅದನ್ನು ಅನುಮಾನದಿಂದ ಕಂಡರು. ಪ್ರಾಯೋಗಿಕ ಓಟಗಳೆಲ್ಲವೂ ಊರಿನ ಆಸುಪಾಸಿನಲ್ಲೇ, ಕೆಟ್ಟುನಿಂತರೆ ಕಾರ್ಯಾಗಾರಕ್ಕೆ ತಳ್ಳಿಕೊಂಡು ಬರಬಹುದಾದಷ್ಟು ದೂರದಲ್ಲೇ ನಡೆಯುತ್ತಿದ್ದವು. ದಿನವಿಡೀ ಪ್ರಯಾಣ ಮಾಡಿದರೆ ವಾಹನದ ಯಾವ ಭಾಗ ಮೊದಲು ಸೋಲುತ್ತದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

1888ರ ಪ್ರಯಾಣ

ಹೊರಡುವಿಕೆ

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಶಾಲೆಗೆ ಬೇಸಿಗೆಯ ರಜೆಯಿದ್ದ ಸಮಯದಲ್ಲಿ, ಬರ್ತಾ ಅವರು 15 ವರ್ಷದ ಆಯ್ಗೆನ್ ಮತ್ತು 13 ವರ್ಷದ ರಿಚರ್ಡ್ ಅವರೊಂದಿಗೆ ಹೊರಟರು. ಫೋರ್ಟ್ಸ್‌ಹೈಮ್ ನಗರದಲ್ಲಿದ್ದ ತಾಯಿಯನ್ನು ನೋಡಿಬರುವುದು ಪ್ರಯಾಣದ ಕಾರಣವಾಗಿತ್ತು. ಪ್ರಯಾಣಕ್ಕೆ ಬಳಸಿದ್ದು ಮಾದರಿ 3 ಎಂದು ಹೆಸರಾದ, ಮರದ ಚಕ್ರಗಳಿದ್ದ, ಮೊದಲಿನದಕ್ಕಿಂತ ಹೆಚ್ಚು ಶಕ್ತಿಯ ಎಂಜಿನ್‌ನ ಗಾಡಿ. ಮೋಟಾರು ಗಾಡಿಯಲ್ಲಿ ಹೋಗುವ ವಿಷಯವನ್ನು ಕಾರ್ಲ್ ಅವರಿಗೆ ಮೊದಲೇ ತಿಳಿಸಿರಲಿಲ್ಲ. ಮನೆಯವರು ಎಚ್ಚರಗೊಳ್ಳದಿರಲೆಂದು ಗಾಡಿಯನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ಆಮೇಲೆ ಎಂಜಿನ್ ಚಾಲೂ ಮಾಡಿದರೆಂದು ಹೇಳಲಾಗುತ್ತದೆ.

ಆಗ ಮೋಟಾರು ವಾಹನಗಳಿಗೆಂದು ರಸ್ತೆಗಳಾಗಲಿ, ದಾರಿಸೂಚಿ ಫಲಕಗಳಾಗಲಿ, ಇಂಧನ ಮಾರುವ ಸ್ಥಳಗಳಾಗಲಿ ಇರಲಿಲ್ಲ. ಕುದುರೆಗಾಡಿಗಳ ಮಣ್ಣಿನ ದಾರಿಯೇ ಆಧಾರ. ಗಾಡಿ ಕೆಟ್ಟು ನಿಂತರೆ ಅಥವಾ ಯಾರಿಗಾದರೂ ಗಾಯವಾದರೆ, ಆ ಯಂತ್ರದ ಮೇಲೆ ಜನರಿಗಿದ್ದ ಅಪನಂಬಿಕೆ ಇನ್ನಷ್ಟು ಗಟ್ಟಿಯಾಗುವ ಅಪಾಯವಿತ್ತು.

ಇಂಧನ ಮತ್ತು ನೀರು

ಗಾಡಿಗೆ ಪ್ರತ್ಯೇಕ ಇಂಧನದ ತೊಟ್ಟಿ ಇರಲಿಲ್ಲ. ಕಾರ್ಬುರೇಟರಿನಲ್ಲಿ ಹಿಡಿಯುತ್ತಿದ್ದುದು ಸುಮಾರು 4.5 ಲೀಟರ್ ಮಾತ್ರ. ಇಂಧನವಾಗಿ ಬಳಸುತ್ತಿದ್ದ ಲಿಗ್ರೋಯಿನ್ ಎಂಬುದು ಪೆಟ್ರೋಲಿಯಂನಿಂದ ಪಡೆಯುವ, ಬೇಗನೆ ಆವಿಯಾಗುವ ದ್ರವ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಇದು ಔಷಧದ ಅಂಗಡಿಗಳಲ್ಲಿ ದೊರೆಯುತ್ತಿತ್ತು. ಹೈಡೆಲ್‌ಬರ್ಗ್ ದಾಟಿದ ನಂತರ ಸಿಗುವ ವೀಸ್‌ಲೋಖ್ ಪಟ್ಟಣದ ಔಷಧದ ಅಂಗಡಿಯಲ್ಲಿ ಬರ್ತಾ ಲಿಗ್ರೋಯಿನ್ ಕೊಂಡು ತುಂಬಿಸಿದರು. ಆ ಅಂಗಡಿಯನ್ನು ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುವುದು ಇದೇ ಕಾರಣಕ್ಕೆ.

ತಂಪುಗೊಳಿಸುವ ನೀರು ಆವಿಯಾಗಿ ಕಡಿಮೆಯಾಗುತ್ತಿದ್ದುದರಿಂದ ನೀರು ಸಿಗುವ ಕಡೆಯಲ್ಲೆಲ್ಲ ಗಾಡಿ ನಿಲ್ಲಿಸಿ ತುಂಬಿಕೊಳ್ಳಬೇಕಾಯಿತು.

ದಾರಿಯ ದುರಸ್ತಿಗಳು

ಮೊದಲು ಕೈಕೊಟ್ಟ ಭಾಗಗಳಲ್ಲಿ ಇಂಧನದ ಕೊಳವೆಯೂ ಒಂದು. ಕಸ ಸೇರಿ ಕೊಳವೆ ಕಟ್ಟಿಕೊಂಡಾಗ ಬರ್ತಾ ತಮ್ಮ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನಿನಿಂದ ಅದನ್ನು ಸ್ವಚ್ಛಗೊಳಿಸಿದರು. ಕಿಡಿ ಹೊತ್ತಿಸುವ ತಂತಿಯು ಉಜ್ಜಿ ಹೊದಿಕೆ ಹರಿದು, ವಿದ್ಯುತ್ ಲೋಹದ ಭಾಗಕ್ಕೆ ಹರಿಯತೊಡಗಿದಾಗ, ಕಾಲುಚೀಲ ಜಾರದಂತೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯನ್ನು ಅದಕ್ಕೆ ಸುತ್ತಿದರು. ಎಳೆದು ಸಡಿಲಗೊಂಡ ಸರಪಳಿಯನ್ನು ಬ್ರುಖ್‌ಸಾಲ್ ಪಟ್ಟಣದಲ್ಲಿ ಕಮ್ಮಾರರೊಬ್ಬರ ನೆರವಿನಿಂದ ಸರಿಪಡಿಸಲಾಯಿತು.

ಏರುದಾರಿಗಳಲ್ಲಿ ಎಂಜಿನ್‌ನ ಶಕ್ತಿ ಸಾಲುತ್ತಿರಲಿಲ್ಲ. ಅಂಥ ಕಡೆಗಳಲ್ಲಿ ಗಾಡಿಯಿಂದ ಇಳಿದು ತಳ್ಳಬೇಕಾಯಿತು. ಇಳಿಜಾರಿನ ತೊಂದರೆ ಇನ್ನೂ ಗಂಭೀರವಾಗಿತ್ತು. ಗಾಡಿಯ ಬ್ರೇಕ್ ಎಂದರೆ ಸನ್ನೆಯನ್ನು ಎಳೆದಾಗ ಹಿಂದಿನ ಚಕ್ರಗಳಿಗೆ ಒತ್ತಿಕೊಳ್ಳುವ ಮರದ ತುಂಡುಗಳು. ಉದ್ದನೆಯ ಇಳಿಜಾರುಗಳಲ್ಲಿ ಉಜ್ಜಿ ಉಜ್ಜಿ ಆ ಮರ ಸವೆಯತೊಡಗಿತು, ಹಿಡಿತ ಕಡಿಮೆಯಾಯಿತು. ಫೋರ್ಟ್ಸ್‌ಹೈಮ್ ಸಮೀಪಿಸುವ ಮೊದಲು ಬೌಶ್‌ಲೋಟ್ ಎಂಬ ಹಳ್ಳಿಯಲ್ಲಿ ಬರ್ತಾ ಅವರು ಬೂಟು ಹೊಲಿಯುವ ಕುಶಲಕರ್ಮಿಯೊಬ್ಬರಿಂದ ಬ್ರೇಕಿನ ಮರದ ತುಂಡುಗಳ ಮೇಲೆ ಚರ್ಮವನ್ನು ಮೊಳೆ ಹೊಡೆಸಿದರು. ಚರ್ಮವು ಮರಕ್ಕಿಂತ ಚೆನ್ನಾಗಿ ಹಿಡಿಯುತ್ತಿತ್ತು. ಸವೆದುಹೋದರೆ ಬ್ರೇಕನ್ನೇ ಬದಲಿಸದೆ ಚರ್ಮವನ್ನಷ್ಟೇ ಬದಲಿಸಬಹುದಿತ್ತು. ಮೋಟಾರು ವಾಹನದ ಮೊದಲ ಬ್ರೇಕ್ ಲೈನಿಂಗ್ ಎಂದು ಇದನ್ನು ಪರಿಗಣಿಸಲಾಗುತ್ತದೆ.

ತಲುಪುವಿಕೆ ಮತ್ತು ಮರುಪ್ರಯಾಣ

ಕತ್ತಲಾಗುವ ಹೊತ್ತಿಗೆ ಮೂವರೂ ಫೋರ್ಟ್ಸ್‌ಹೈಮ್ ತಲುಪಿದರು. ಸುರಕ್ಷಿತವಾಗಿ ಬಂದು ಸೇರಿದ ಸುದ್ದಿಯನ್ನು ಬರ್ತಾ ತಂತಿಯ ಮೂಲಕ ಪತಿಗೆ ತಿಳಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ, ಬೇರೊಂದು ದಾರಿಯಾಗಿ ಮಾನ್‌ಹೈಮ್‌ಗೆ ಮರಳಿದರು. ಹೋಗಿ ಬಂದ ಒಟ್ಟು ದೂರ ಸುಮಾರು 194 ಕಿ.ಮೀ.

ವಾಹನದಲ್ಲಿ ಆದ ಬದಲಾವಣೆಗಳು

ಈ ಪ್ರಯಾಣವನ್ನು ಮೋಟಾರು ವಾಹನದ ಮೊದಲ ದೂರದ ರಸ್ತೆ ಪರೀಕ್ಷೆ ಎಂದು ಪರಿಗಣಿಸಬಹುದು. ದಾರಿಯಲ್ಲಿ ಕಂಡ ದೋಷಗಳನ್ನು ಬರ್ತಾ ಮತ್ತು ಮಕ್ಕಳು ಕಾರ್ಲ್ ಅವರಿಗೆ ವಿವರಿಸಿದರು. ಏರು ಹತ್ತಲು ಹೆಚ್ಚಿನ ಎಳೆತ ನೀಡುವ ಇನ್ನೊಂದು ಗೇರನ್ನು ವಾಹನಕ್ಕೆ ಸೇರಿಸಲಾಯಿತು. ಬ್ರೇಕಿಗೆ ಚರ್ಮದ ಹೊದಿಕೆ ಅಳವಡಿಸಲಾಯಿತು.

1888ರ ಸೆಪ್ಟೆಂಬರ್ ತಿಂಗಳಿನಲ್ಲಿ ಮ್ಯೂನಿಕ್ ನಗರದಲ್ಲಿ ನಡೆದ ಯಂತ್ರಗಳ ಪ್ರದರ್ಶನದಲ್ಲಿ ವಾಹನವನ್ನು ಜನರೆದುರು ಓಡಿಸಿ ತೋರಿಸಲಾಯಿತು. ಅದಕ್ಕೆ ಚಿನ್ನದ ಪದಕವೂ ದೊರೆಯಿತು. ಆರಂಭದ ಮಾರಾಟ ಹೆಚ್ಚಾಗಿ ಫ್ರಾನ್ಸ್ ದೇಶದಲ್ಲಿ, ಎಮಿಲ್ ರೋಜೆ ಎಂಬ ವ್ಯಾಪಾರಿಯ ಮೂಲಕ ನಡೆಯಿತು. 1893ರಲ್ಲಿ ನಾಲ್ಕು ಚಕ್ರಗಳ ವಿಕ್ಟೋರಿಯಾ ಮಾದರಿಯೂ 1894ರಿಂದ ಕಡಿಮೆ ಬೆಲೆಯ ವೆಲೋ ಮಾದರಿಯೂ ಹೊರಬಂದವು. 1899ರ ವೇಳೆಗೆ ಬೆಂಜ್ ಮತ್ತು ಕಂಪನಿ ವರ್ಷಕ್ಕೆ 572 ವಾಹನಗಳನ್ನು ತಯಾರಿಸುವ ಮಟ್ಟಕ್ಕೆ ಬೆಳೆದು, ಜಗತ್ತಿನ ಪ್ರಮುಖ ಕಾರು ತಯಾರಕ ಸಂಸ್ಥೆಯಾಯಿತು.

ಇಂದಿನ ವಾಹನ ನಿರ್ವಹಣೆಯೊಂದಿಗೆ ಸಂಬಂಧ

1888ರಲ್ಲಿ ಎದುರಾದ ತೊಂದರೆಗಳು ಬೇರೆ ಬೇರೆ ರೂಪದಲ್ಲಿ ಇಂದಿನ ಚಾಲಕರಿಗೂ ಎದುರಾಗುತ್ತವೆ. ಅಂದು ಕೈ, ಕಣ್ಣು ಮತ್ತು ಕಿವಿಯಿಂದ ಗ್ರಹಿಸಬೇಕಿದ್ದ ಹಲವು ಸೂಚನೆಗಳನ್ನು ಇಂದು ಡ್ಯಾಶ್‌ಬೋರ್ಡಿನ ದೀಪಗಳು ತಿಳಿಸುತ್ತವೆ.

• ಬ್ರೇಕ್: ಚರ್ಮದ ಹೊದಿಕೆಯ ಸ್ಥಾನದಲ್ಲಿ ಇಂದು ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಶೂಗಳ ಲೈನಿಂಗ್ ಇದೆ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಬ್ರೇಕ್ ಲೈನಿಂಗ್ ತಯಾರಿಕೆಯನ್ನು ಉದ್ಯಮವಾಗಿ ಆರಂಭಿಸಿದರು. ಫೆರೋಡೋ ಸಂಸ್ಥೆ ಬೆಳೆದದ್ದು ಅದರಿಂದ. ಮುಂದೆ ದಶಕಗಳ ಕಾಲ ಕಲ್ನಾರನ್ನು ಬಳಸಲಾಯಿತು. ಅದರ ದೂಳು ಶ್ವಾಸಕೋಶಕ್ಕೆ ಮಾರಕವೆಂದು ದೃಢಪಟ್ಟ ನಂತರ ಅನೇಕ ದೇಶಗಳು ಅದನ್ನು ಕೈಬಿಟ್ಟವು. ಮೂಲತತ್ತ್ವ ಮಾತ್ರ ಬದಲಾಗಿಲ್ಲ: ಸವೆಯುವುದು ಲೈನಿಂಗ್‌ನ ಕೆಲಸವೇ ಆದ್ದರಿಂದ ಅದನ್ನು ಆಗಾಗ ಪರೀಕ್ಷಿಸಿ ಬದಲಿಸಬೇಕು. ಅನೇಕ ಪ್ಯಾಡ್‌ಗಳಲ್ಲಿ ಸವೆತ ಮಿತಿಮೀರಿದಾಗ ಡಿಸ್ಕಿಗೆ ತಗುಲಿ ಕೀರಲು ಸದ್ದು ಮಾಡುವ ಲೋಹದ ಚೂರನ್ನು ಅಳವಡಿಸಿರುತ್ತಾರೆ. ಈ ಸದ್ದು, ಉಜ್ಜಿದಂಥ ಒರಟು ಸದ್ದು, ಪೆಡಲ್ ಹೆಚ್ಚು ಆಳಕ್ಕೆ ಹೋಗುವುದು, ಬ್ರೇಕ್ ಒತ್ತಿದಾಗ ವಾಹನ ಒಂದು ಬದಿಗೆ ಎಳೆಯುವುದು, ಬ್ರೇಕಿನ ಎಚ್ಚರಿಕೆ ದೀಪ ಉರಿಯುವುದು ಇವೆಲ್ಲ ಕೂಡಲೇ ಗಮನಿಸಬೇಕಾದ ಲಕ್ಷಣಗಳು.

• ಇಳಿಜಾರು ಮತ್ತು ಗೇರ್: ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ವೇಗವನ್ನು ತಡೆಯುವುದರಿಂದ ಬ್ರೇಕಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಎಂಜಿನ್ ನಿಲ್ಲಿಸಿ ಅಥವಾ ನ್ಯೂಟ್ರಲ್‌ನಲ್ಲಿ ಇಳಿಯುವುದು ಅಪಾಯಕಾರಿ.

• ತಂಪುಗೊಳಿಸುವಿಕೆ: ಬೆಂಜ್ ಗಾಡಿಯಲ್ಲಿ ನೀರು ಆವಿಯಾಗಿ ಹೋಗುವುದು ಸಹಜವಾಗಿತ್ತು. ಇಂದಿನ ಕಾರುಗಳಲ್ಲಿ ಕೂಲಂಟ್ ಮುಚ್ಚಿದ ವ್ಯವಸ್ಥೆಯೊಳಗೆ ಸುತ್ತುತ್ತದೆ. ಹೀಗಾಗಿ ಮತ್ತೆ ಮತ್ತೆ ಕೂಲಂಟ್ ತುಂಬಬೇಕಾಗಿ ಬಂದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಉಷ್ಣತೆಯ ಸೂಚಕ ಏರಿದಾಗ ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿಯುವ ದ್ರವ ಚಿಮ್ಮಿ ಸುಟ್ಟ ಗಾಯಗಳಾಗಬಹುದು.

• ಇಂಧನದ ಶುದ್ಧತೆ: ಟೋಪಿಯ ಪಿನ್ನಿನ ಕೆಲಸವನ್ನು ಇಂದು ಇಂಧನದ ಫಿಲ್ಟರ್ ಮೊದಲೇ ಮಾಡಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಏರಿನಲ್ಲಿ ತಡವರಿಸುತ್ತದೆ ಅಥವಾ ನಿಂತುಬಿಡುತ್ತದೆ. ತಯಾರಕರು ಸೂಚಿಸಿದ ಅವಧಿಗೆ ಅದನ್ನು ಬದಲಿಸಬೇಕು.

• ವಿದ್ಯುತ್ ತಂತಿಗಳು: ಹೊದಿಕೆ ಹರಿದ ತಂತಿ ಎಂಜಿನ್ ನಿಲ್ಲುವುದಕ್ಕೂ ಬೆಂಕಿಗೂ ಕಾರಣವಾಗಬಲ್ಲದು. ಸುಟ್ಟ ವಾಸನೆ, ಪದೇ ಪದೇ ಸುಡುವ ಫ್ಯೂಸ್, ಮಿನುಗುವ ದೀಪಗಳು ಇದರ ಮುನ್ಸೂಚನೆಗಳು. ಸುಟ್ಟ ಫ್ಯೂಸಿನ ಬದಲು ಹೆಚ್ಚು ಸಾಮರ್ಥ್ಯದ ಫ್ಯೂಸನ್ನಾಗಲಿ ತಂತಿಯನ್ನಾಗಲಿ ಹಾಕಬಾರದು.

• ಸರಪಳಿ ಮತ್ತು ಬೆಲ್ಟ್: ಎಳೆತಕ್ಕೆ ಸಿಕ್ಕ ಸರಪಳಿ ಕಾಲಕ್ರಮೇಣ ಸಡಿಲಗೊಳ್ಳುವುದು ಸಹಜ. ಚಕ್ರಕ್ಕೆ ಶಕ್ತಿ ಒಯ್ಯುವ ಸರಪಳಿ ಇಂದು ದ್ವಿಚಕ್ರ ವಾಹನಗಳಲ್ಲಿ ಉಳಿದಿದೆ. ಕಾರುಗಳಲ್ಲಿ ಎಂಜಿನ್‌ನ ಟೈಮಿಂಗ್ ಬೆಲ್ಟ್ ಅಥವಾ ಸರಪಳಿ ಇರುತ್ತದೆ. ಟೈಮಿಂಗ್ ಬೆಲ್ಟನ್ನು ನಿಗದಿತ ಅವಧಿಗೆ ಬದಲಿಸದೆ ಅದು ಓಡುತ್ತಿರುವಾಗಲೇ ತುಂಡಾದರೆ ಹಲವು ಎಂಜಿನ್‌ಗಳು ಒಳಗಿನಿಂದಲೇ ಹಾನಿಗೊಳ್ಳುತ್ತವೆ.

ಸೀಟ್ ಬೆಲ್ಟ್, ಗಾಳಿಚೀಲ, ಚಕ್ರಗಳು ಸಿಕ್ಕಿಬೀಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ ಮೊದಲಾದ ರಕ್ಷಣಾ ಸಾಧನಗಳು ಬಹುಕಾಲದ ನಂತರ, ವೇಗ ಮತ್ತು ವಾಹನಗಳ ಸಂಖ್ಯೆ ಹೆಚ್ಚಿದ ಮೇಲೆ ಬಂದವು. ಇಂದು ಬಳಕೆಯಲ್ಲಿರುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ರೂಪಿಸಿ, 1959ರಿಂದ ಕಾರುಗಳಲ್ಲಿ ಅಳವಡಿಸಲಾಯಿತು.

ನಂತರದ ಜೀವನ

ಕಂಪನಿಯ ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ಮೂಡಿದ್ದರಿಂದ ಕಾರ್ಲ್ ಅವರು 1903ರಲ್ಲಿ ದೈನಂದಿನ ಹೊಣೆಗಾರಿಕೆಯಿಂದ ಹಿಂದೆ ಸರಿದರು. ಕುಟುಂಬವು ಮಾನ್‌ಹೈಮ್ ಸಮೀಪದ, ನೆಕಾರ್ ನದಿಯ ದಡದಲ್ಲಿರುವ ಲಾಡೆನ್‌ಬರ್ಗ್ ಪಟ್ಟಣಕ್ಕೆ ಹೋಗಿ ನೆಲೆಸಿತು. 1906ರಲ್ಲಿ ಅಲ್ಲಿ ಸಿ. ಬೆಂಜ್ ಮತ್ತು ಪುತ್ರರು ಎಂಬ ಸಂಸ್ಥೆ ಸ್ಥಾಪನೆಯಾಯಿತು. 1888ರಲ್ಲಿ ತಾಯಿಯೊಂದಿಗೆ ಪ್ರಯಾಣಿಸಿದ್ದ ಆಯ್ಗೆನ್ ಮತ್ತು ರಿಚರ್ಡ್ ಮುಂದೆ ಅದನ್ನು ನಡೆಸಿದರು.

ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹಣದುಬ್ಬರವು ಅನೇಕ ಕುಟುಂಬಗಳ ಉಳಿತಾಯವನ್ನು ನುಂಗಿತು. ಬೆಂಜ್ ಕುಟುಂಬವೂ ಇದಕ್ಕೆ ಹೊರತಾಗಲಿಲ್ಲ. 1925ರಲ್ಲಿ ಕಾರ್ಲ್ ಅವರ ಆತ್ಮಕಥೆ ಪ್ರಕಟವಾಯಿತು. ಕಷ್ಟದ ದಿನಗಳಲ್ಲಿ ತಮ್ಮ ಜೊತೆಗೆ ನಿಂತವರು ಬರ್ತಾ ಒಬ್ಬರೇ ಎಂಬುದನ್ನು ಅವರು ಅದರಲ್ಲಿ ಸ್ಮರಿಸಿದ್ದಾರೆ. 1926ರಲ್ಲಿ ಬೆಂಜ್ ಮತ್ತು ಕಂಪನಿಯು ಡೈಮ್ಲರ್ ಸಂಸ್ಥೆಯೊಂದಿಗೆ ವಿಲೀನಗೊಂಡು ಡೈಮ್ಲರ್-ಬೆಂಜ್ ಆಯಿತು. ಮರ್ಸಿಡಿಸ್-ಬೆಂಜ್ ಎಂಬ ವಾಹನಗಳ ಹೆಸರು ಆಗಿನಿಂದ ಬಳಕೆಗೆ ಬಂದಿತು. ಏಪ್ರಿಲ್ 4, 1929ರಂದು ಕಾರ್ಲ್ ಬೆಂಜ್ ನಿಧನರಾದರು. ಬರ್ತಾ ಲಾಡೆನ್‌ಬರ್ಗ್ ಪಟ್ಟಣದ ಮನೆಯಲ್ಲೇ ಉಳಿದರು.

ನಿಧನ

ಮೇ 3, 1944ರಂದು, ತಮ್ಮ 95ನೆಯ ಜನ್ಮದಿನದಂದು, ಬರ್ತಾ ಅವರಿಗೆ ಕಾರ್ಲ್ಸ್‌ರೂಹೆ ತಾಂತ್ರಿಕ ವಿಶ್ವವಿದ್ಯಾಲಯದ ಗೌರವ ಸೆನೆಟ್ ಸದಸ್ಯತ್ವವನ್ನು ನೀಡಲಾಯಿತು. ಅವರ ಯೌವನದಲ್ಲಿ ಮಹಿಳೆಯರಿಗೆ ಪ್ರವೇಶವಿಲ್ಲದಿದ್ದ, ಪತಿಯು ಓದಿದ್ದ ಸಂಸ್ಥೆಯೇ ಈ ಗೌರವ ನೀಡಿತು. ಎರಡು ದಿನಗಳ ನಂತರ, ಮೇ 5, 1944ರಂದು, ಬರ್ತಾ ಲಾಡೆನ್‌ಬರ್ಗ್ ಪಟ್ಟಣದಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿಯೇ ಇದೆ.

ಗೌರವಗಳು ಮತ್ತು ಸ್ಮಾರಕಗಳು

• 2008ರಲ್ಲಿ ಮಾನ್‌ಹೈಮ್–ಫೋರ್ಟ್ಸ್‌ಹೈಮ್ ನಡುವಿನ ಹೋಗಿಬರುವ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂದು ಅಧಿಕೃತ ಮನ್ನಣೆ ದೊರೆಯಿತು. 194 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ಸೂಚನಾ ಫಲಕಗಳನ್ನು ಹಾಕಲಾಗಿದೆ.

• ವೀಸ್‌ಲೋಖ್ ಪಟ್ಟಣದ ಔಷಧದ ಅಂಗಡಿಯ ಬಳಿ ಈ ಪ್ರಯಾಣವನ್ನು ನೆನಪಿಸುವ ಸ್ಮಾರಕವಿದೆ.

• ಲಾಡೆನ್‌ಬರ್ಗ್ ಪಟ್ಟಣದಲ್ಲಿ ಕುಟುಂಬದ ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ವಾಹನಗಳ ವಸ್ತುಸಂಗ್ರಹಾಲಯವಿದೆ.

• 2013ರ ಆಗಸ್ಟ್ ತಿಂಗಳಿನಲ್ಲಿ ಮರ್ಸಿಡಿಸ್-ಬೆಂಜ್ ಸಂಸ್ಥೆಯು ಸ್ವಯಂಚಾಲನೆಯ ಪ್ರಾಯೋಗಿಕ ಕಾರನ್ನು ಓಡಿಸಲು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗಿನ ಇದೇ ದಾರಿಯನ್ನು ಆಯ್ದುಕೊಂಡಿತು.

• 2016ರಲ್ಲಿ ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್ ಗೌರವಪಟ್ಟಿಗೆ ಬರ್ತಾ ಅವರ ಹೆಸರನ್ನು ಸೇರಿಸಲಾಯಿತು. ಕಾರ್ಲ್ ಬೆಂಜ್ ಅವರ ಹೆಸರು ಅದರಲ್ಲಿ 1984ರಲ್ಲೇ ಸೇರಿತ್ತು.

ಮಹತ್ವ

ಬರ್ತಾ ಬೆಂಜ್ ಅವರನ್ನು ದೀರ್ಘಕಾಲ ಧೈರ್ಯವಂತ ಪತ್ನಿಯಾಗಿ ಮಾತ್ರ ನೆನೆಯಲಾಗುತ್ತಿತ್ತು. ಟೋಪಿಯ ಪಿನ್ನು ಮತ್ತು ಕಾಲುಚೀಲದ ಪಟ್ಟಿಯ ಪ್ರಸಂಗಗಳು ಜನಪ್ರಿಯವಾದಷ್ಟು ಅವರ ಹೂಡಿಕೆಯ ವಿಷಯ ಜನಪ್ರಿಯವಾಗಲಿಲ್ಲ. ಇತ್ತೀಚಿನ ದಶಕಗಳಲ್ಲಿ ಅವರನ್ನು ಉದ್ಯಮದ ಬಂಡವಾಳ ಪೂರೈಸಿದವರಾಗಿ ಮತ್ತು ವಾಹನವನ್ನು ನಿಜವಾದ ರಸ್ತೆಯಲ್ಲಿ ಪರೀಕ್ಷಿಸಿದವರಾಗಿ ಗುರುತಿಸಲಾಗುತ್ತಿದೆ. ವಾಹನವನ್ನು ಮಾರುವ ಮೊದಲು ದೀರ್ಘ ದೂರ ಓಡಿಸುವುದು, ಎಲ್ಲಿ ಸೋಲುತ್ತದೆಂದು ನೋಡುವುದು, ಸೋತ ಭಾಗವನ್ನು ಬದಲಿಸಿ ಮತ್ತೆ ಓಡಿಸುವುದು ಇಂದು ಪ್ರತಿಯೊಂದು ಕಾರು ತಯಾರಕ ಸಂಸ್ಥೆಯ ನಿತ್ಯದ ಕ್ರಮವಾಗಿದೆ. ಆ ಕ್ರಮಕ್ಕೆ 1888ರ ಮಾನ್‌ಹೈಮ್–ಫೋರ್ಟ್ಸ್‌ಹೈಮ್ ಪ್ರಯಾಣವು ಮೊದಲ ಉದಾಹರಣೆಗಳಲ್ಲಿ ಒಂದಾಗಿದೆ.